ಗಡಿ ಮುಚ್ಚಿದ್ದಾಗ ಗಲ್ಫ್ ವೀಸಾ ಉಳಿಸಿಕೊಂಡ ಬಗೆ: ನನ್ನ ಅನುಭವ

ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 19ರಂದು ಯುಎಇ ತನ್ನದೇ ರೆಸಿಡೆನ್ಸ್ ವೀಸಾ ಇದ್ದವರಿಗೂ ಬಾಗಿಲು ಹಾಕಿತು. ಅದೇ ವಾರ ಭಾರತವೂ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ರಜೆಗೆಂದು ಬಂದಿದ್ದ ಮಂಗಳೂರು, ಉಡುಪಿ, ಭಟ್ಕಳ ಕಡೆಯ ಗಲ್ಫ್ ನೌಕರರು ಊರಲ್ಲೇ ಉಳಿದರು. ಆ ಎರಡು ವರ್ಷ ಅಂಥವರ ಕಾಗದಪತ್ರ ನೋಡಿಕೊಡುತ್ತಿದ್ದೆ. ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು, ಎಲ್ಲಿ ಕೆಡುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಯಾರೇ ಬಂದರೂ ಮೊದಲು ಒಂದು ಹಾಳೆಯಲ್ಲಿ ದಿನಾಂಕಗಳನ್ನು ಬರೆಸುತ್ತಿದ್ದೆ. "ವೀಸಾ ಇದೆ" ಎನ್ನುವವರ ಕೈಯಲ್ಲಿ ನಿಜಕ್ಕೂ ಇರುವುದು ಬೇರೆ ಬೇರೆ ಅವಧಿಗಳು. ಸೌದಿಯವರಿಗೆ ಇಕಾಮಾದ (ಅಲ್ಲಿನ ವಾಸದ ಪರವಾನಗಿಯ) ಅವಧಿ ಒಂದು, ಎಕ್ಸಿಟ್ ರೀ-ಎಂಟ್ರಿಯದು (ರಜೆಗೆ ಹೋಗಿ ಮರಳುವ ಅನುಮತಿಯದು) ಇನ್ನೊಂದು. ಯುಎಇಯವರಿಗೆ ವೀಸಾದ ಕೊನೆಯ ದಿನದ ಜೊತೆಗೆ ದೇಶದ ಹೊರಗೆ 180 ದಿನ ಮೀರಬಾರದೆಂಬ ನಿಯಮ. ಇದರ ಮೇಲೆ ಪಾಸ್‌ಪೋರ್ಟಿನ ಅವಧಿ. ಇವುಗಳಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ನಿಮ್ಮ ಗಡುವು. ಇಕಾಮಾ ಇನ್ನೂ ಎಂಟು ತಿಂಗಳಿದೆ ಎಂದು ನಿಶ್ಚಿಂತೆಯಿಂದ ಕೂತವರ ರೀ-ಎಂಟ್ರಿ ಮುಂದಿನ ವಾರವೇ ಮುಗಿಯುವುದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಎರಡನೆಯ ಪ್ರಶ್ನೆ: ಅದನ್ನು ವಿಸ್ತರಿಸುವ ಅಧಿಕಾರ ಯಾರದ್ದು? ಹೆಚ್ಚಿನ ಸಲ ಕಂಪನಿಯದ್ದು. ಸೌದಿಯಲ್ಲಿ ರೀ-ಎಂಟ್ರಿ ವಿಸ್ತರಣೆ ಕಫೀಲನ (ವೀಸಾ ಕೊಡಿಸಿದ ಮಾಲೀಕನ) ಅಬ್ಶರ್ ಅಥವಾ ಕಂಪನಿಯ ಮುಕೀಂ ಎಂಬ ಆನ್‌ಲೈನ್ ಖಾತೆಯಿಂದಲೇ ಆಗಬೇಕು. ಊರಿನ ಟ್ರಾವೆಲ್ ಏಜೆಂಟ್ "ನಾನು ಮಾಡಿಸುತ್ತೇನೆ" ಎಂದರೆ ದುಡ್ಡು ಕೊಡಬೇಡಿ, ಅವನ ಕೈಯಲ್ಲಿ ಆ ಕೀಲಿ ಇಲ್ಲ. ಕಂಪನಿಯ ಪಿಆರ್‌ಒಗೆ (ವೀಸಾ ಕೆಲಸ ನೋಡುವವರಿಗೆ) ಫೋನಿನಲ್ಲಿ ಹೇಳಿದ ಮೇಲೂ ಅದೇ ಮಾತನ್ನು ಇಮೇಲ್‌ನಲ್ಲಿ ಬರೆಯಿರಿ. ಇಕಾಮಾ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ, ಮುಗಿಯುವ ದಿನಾಂಕ, ಬೇಕಾದ ವಿಸ್ತರಣೆ, ಇಷ್ಟೇ ಸಾಕು. ಕೆಲಸಕ್ಕೆ ಮರಳಲು ನೀವು ಸಿದ್ಧರಿದ್ದಿರಿ ಎನ್ನುವುದಕ್ಕೆ ಮುಂದೆ ಆ ಇಮೇಲ್ ಒಂದೇ ಆಧಾರವಾಗಬಹುದು.

2021ರಲ್ಲಿ ಸೌದಿ ಸರ್ಕಾರ ಭಾರತದಂಥ ನಿರ್ಬಂಧಿತ ದೇಶಗಳಲ್ಲಿ ಸಿಕ್ಕಿಕೊಂಡವರ ಇಕಾಮಾ, ರೀ-ಎಂಟ್ರಿ ಎರಡನ್ನೂ ಶುಲ್ಕವಿಲ್ಲದೆ ಹಲವು ಬಾರಿ ವಿಸ್ತರಿಸಿತು. ಆದರೆ ಪತ್ರಿಕೆಯಲ್ಲಿ ಸುದ್ದಿ ಬಂದ ಮಾತ್ರಕ್ಕೆ ನಿಮ್ಮ ದಾಖಲೆ ಬದಲಾಗಿದೆ ಎಂದಲ್ಲ. ಮುಕೀಂ ಜಾಲತಾಣದ ವೀಸಾ ಸಿಂಧುತ್ವ ಪುಟದಲ್ಲಿ ನಿಮ್ಮ ಸಂಖ್ಯೆಗಳನ್ನು ಹಾಕಿ ಹೊಸ ದಿನಾಂಕ ಬಂದಿದೆಯೇ ನೋಡಿ. ಬಂದಿದ್ದರೆ ಆ ಪುಟವನ್ನು ಮುದ್ರಿಸಿ ಹಳೆಯ ವೀಸಾ ಕಾಗದದ ಜೊತೆ ಇಟ್ಟುಕೊಳ್ಳಿ. ಇಲ್ಲವಾದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಹಳೆಯ ದಿನಾಂಕ ನೋಡಿಯೇ ತಡೆಯುತ್ತಾರೆ.

ಯುಎಇ 2020ರ ಬೇಸಿಗೆಯಲ್ಲಿ ಮರಳಲು ಅನುಮತಿ ಕೊಡತೊಡಗಿದಾಗ ದುಬೈ ವೀಸಾದವರು ಅಲ್ಲಿನ ವಲಸೆ ಇಲಾಖೆಯಾದ ಜಿಡಿಆರ್‌ಎಫ್‌ಎಗೆ, ಉಳಿದ ಎಮಿರೇಟುಗಳವರು (ಯುಎಇಯ ಬೇರೆ ಸಂಸ್ಥಾನಗಳವರು) ಕೇಂದ್ರದ ಐಸಿಎಗೆ ಅರ್ಜಿ ಹಾಕಬೇಕಿತ್ತು. ಅದಲುಬದಲಾದರೆ ಅರ್ಜಿ ವ್ಯರ್ಥ. ನೀವು ವಾಸವಿದ್ದದ್ದು ಎಲ್ಲಿ ಎಂಬುದಲ್ಲ, ವೀಸಾ ಕೊಟ್ಟದ್ದು ಯಾವ ಎಮಿರೇಟ್ ಎಂಬುದು ಮುಖ್ಯ. ಶಾರ್ಜಾದಲ್ಲಿ ರೂಮು ಮಾಡಿಕೊಂಡು ದುಬೈ ಕಂಪನಿಯಲ್ಲಿ ದುಡಿಯುವವರಿಗೆ ಇದನ್ನು ಒತ್ತಿ ಹೇಳಬೇಕಾಗುತ್ತಿತ್ತು. ಎಮಿರೇಟ್ಸ್ ಐಡಿಯ (ಯುಎಇ ಗುರುತಿನ ಚೀಟಿಯ) 784ರಿಂದ ಶುರುವಾಗುವ 15 ಅಂಕಿಗಳನ್ನು ತಪ್ಪಿಲ್ಲದೆ ತುಂಬಿದರೂ ಅರ್ಜಿ ತಿರಸ್ಕಾರವಾದರೆ ಪಾಸ್‌ಪೋರ್ಟ್ ಸಂಖ್ಯೆ ನೋಡಿ. ಊರಿಗೆ ಬಂದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದ್ದರೆ ಅಲ್ಲಿನ ದಾಖಲೆಯಲ್ಲಿ ಇರುವುದು ಹಳೆಯ ಸಂಖ್ಯೆ. ಹಳೆಯ ಪಾಸ್‌ಪೋರ್ಟನ್ನು ಹೊಸದರ ಜೊತೆಯೇ ಇಟ್ಟುಕೊಂಡು ಪ್ರಯಾಣಿಸಿ.

ಲಸಿಕೆ ಬಂದ ಮೇಲೆ ತೊಡಕು ಪ್ರಮಾಣಪತ್ರಕ್ಕೆ ಸರಿಯಿತು. ಸೌದಿ ಕೋವಿಶೀಲ್ಡನ್ನು ಆಸ್ಟ್ರಾಜೆನೆಕಾ ಎಂದು ಒಪ್ಪಿತು. ಕೊವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿದ್ದೇ 2021ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ, ಮರಳಿ ಹೋಗಬೇಕಾದವರಿಗೆ ಯಾವ ಲಸಿಕೆ ಎಂದು ಕೇಳಿಯೇ ಸಾಲಿನಲ್ಲಿ ನಿಲ್ಲಿ ಎನ್ನುತ್ತಿದ್ದೆ. ಕೋವಿಶೀಲ್ಡಿನ ಎರಡು ಡೋಸ್‌ಗಳ ನಡುವೆ 84 ದಿನ ಬೇಕಿತ್ತು. ವಿದೇಶದಲ್ಲಿ ಕೆಲಸ ಇದ್ದು ಆಗಸ್ಟ್ 31ರೊಳಗೆ ಹೊರಡುವವರಿಗೆ 28 ದಿನದ ನಂತರವೇ ಕೊಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ಜೂನ್ 7ರಂದು ಸೂಚನೆ ಹೊರಡಿಸಿತು. ವೀಸಾ ಪ್ರತಿ, ಪಾಸ್‌ಪೋರ್ಟ್, ಕಂಪನಿಯ ಪತ್ರ ತೋರಿಸಿದವರಿಗೆ ಇದು ದೊಡ್ಡ ಅನುಕೂಲ. ಹೆಸರಿನ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ನಮ್ಮಲ್ಲಿ ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು ಇರುವುದು ಸಾಮಾನ್ಯ. ಸಾಧ್ಯವಾದರೆ ಮೊದಲ ಡೋಸನ್ನೇ ಪಾಸ್‌ಪೋರ್ಟ್ ತೋರಿಸಿ ತೆಗೆದುಕೊಳ್ಳಿ ಎನ್ನುತ್ತಿದ್ದೆ. ಆಗಲೇ ಆಧಾರ್ ಕೊಟ್ಟಾಗಿದ್ದರೆ ಕೋವಿನ್‌ನಲ್ಲಿ ಮೊದಲು ಹೆಸರು ತಿದ್ದಿ, ಆಮೇಲೆ ಪಾಸ್‌ಪೋರ್ಟ್ ಸಂಖ್ಯೆ ಸೇರಿಸಬೇಕಿತ್ತು. ತಿದ್ದುವ ಅವಕಾಶ ಒಂದೇ ಸಲ ಇದ್ದದ್ದರಿಂದ ಅಕ್ಷರಗಳನ್ನು ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ಟೈಪ್ ಮಾಡಬೇಕಿತ್ತು.

2021ರ ಏಪ್ರಿಲ್‌ನಲ್ಲಿ ಮುಚ್ಚಿದ್ದ ಯುಎಇ ಆಗಸ್ಟ್ 5ರಿಂದ ಅಲ್ಲೇ ಎರಡೂ ಡೋಸ್ ಪಡೆದವರನ್ನು ಬಿಟ್ಟುಕೊಂಡಿತು. ಆಗ 48 ಗಂಟೆಯೊಳಗಿನ ಆರ್‌ಟಿ-ಪಿಸಿಆರ್, ಜೊತೆಗೆ ವಿಮಾನ ನಿಲ್ದಾಣದಲ್ಲೇ ಹೊರಡುವ 4 ಗಂಟೆಯೊಳಗೆ ಇನ್ನೊಂದು ರ‍್ಯಾಪಿಡ್ ಪಿಸಿಆರ್ (ಆಮೇಲೆ ಅದು 6 ಗಂಟೆ ಆಯಿತು). 48 ಗಂಟೆ ಎಣಿಸುತ್ತಿದ್ದದ್ದು ಗಂಟಲ ದ್ರವ ತೆಗೆದ ಹೊತ್ತಿನಿಂದ, ವರದಿ ಕೈಗೆ ಬಂದ ಹೊತ್ತಿನಿಂದಲ್ಲ. ಹಾಗಾಗಿ ಮಾದರಿ ಕೊಡುವುದನ್ನು ಹಿಂದಿನ ದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ ಎನ್ನುತ್ತಿದ್ದೆ. ವರದಿ ಸ್ವಲ್ಪ ತಡವಾದರೂ ದಾರಿ ಉಳಿಯುತ್ತಿತ್ತು, ವಿಮಾನ ಸ್ವಲ್ಪ ತಡವಾದರೂ ಅವಧಿ ಮೀರುತ್ತಿರಲಿಲ್ಲ. ವರದಿಯ ಕ್ಯೂಆರ್ ಕೋಡನ್ನು ಮನೆಯಲ್ಲೇ ಮೊಬೈಲಿನಿಂದ ತೆರೆದು ಮೂಲ ವರದಿ ಕಾಣುತ್ತದೆಯೇ ನೋಡಿ ಎನ್ನುತ್ತಿದ್ದೆ.

2021ರ ಫೆಬ್ರವರಿಯಲ್ಲಿ ಸೌದಿ ಭಾರತವೂ ಸೇರಿ 20 ದೇಶಗಳಿಗೆ ಗಡಿ ಮುಚ್ಚಿದ ಮೇಲೆ ಮೂರನೇ ದೇಶದಲ್ಲಿ 14 ದಿನ ಕಳೆದು ಹೋಗುವ ದಾರಿ ಹಲವರು ಹಿಡಿದರು. ನಾನು ಅದನ್ನು ಯಾರಿಗೂ ಸುಲಭಕ್ಕೆ ಹೇಳಲಿಲ್ಲ. ಏಪ್ರಿಲ್ ಕೊನೆಗೆ ನೇಪಾಳ, ಮೇ ತಿಂಗಳಲ್ಲಿ ಮಾಲ್ದೀವ್ಸ್ ಮುಚ್ಚಿದವು. ಪ್ಯಾಕೇಜ್ ಹಣ ಕಟ್ಟಿದವರು ಅರ್ಧದಲ್ಲಿ ಸಿಕ್ಕಿಬಿದ್ದರು. ಸಾಲ ಮಾಡಿ ಹೋಗುವವರಿಗಂತೂ ಅದು ಬೇಡವೇ ಬೇಡ ಎನ್ನುತ್ತಿದ್ದೆ. ಭಾರತದಿಂದ ಸೌದಿಗೆ ನೇರ ಪ್ರವೇಶ ಎಲ್ಲರಿಗೂ ಸಿಕ್ಕಿದ್ದು ಡಿಸೆಂಬರ್ 1ರಿಂದ.

ನನ್ನನ್ನು ಹೆಚ್ಚು ಕಾಡಿದ್ದು ರಾಜೀನಾಮೆ ಪತ್ರದ ವಿಷಯ. "ಸಹಿ ಮಾಡಿ ಕಳಿಸಿ, ಲೆಕ್ಕ ಮುಗಿಸುತ್ತೇವೆ" ಎಂದು ಕಂಪನಿಯಿಂದ ಇಮೇಲ್ ಬಂದಾಗ ಜನ ಹೆದರಿ ಸಹಿ ಹಾಕಿಬಿಡುತ್ತಾರೆ. ಸೌದಿ ಕಾನೂನಿನಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ನಂತರ ವರ್ಷಕ್ಕೊಂದು ಪೂರ್ತಿ ತಿಂಗಳದ್ದು, ಕೆಲಸ ಮುಗಿದಾಗ ಸಿಗುವ ಸರ್ವೀಸ್ ಹಣ. 2000 ರಿಯಾಲ್ ಸಂಬಳದಲ್ಲಿ ಆರು ವರ್ಷ ದುಡಿದವರಿಗೆ 7000 ರಿಯಾಲ್ ಬರಬೇಕು. ರಾಜೀನಾಮೆ ಕೊಟ್ಟು ತಾನಾಗಿ ಬಿಟ್ಟರೆ ಐದರಿಂದ ಹತ್ತು ವರ್ಷದವರಿಗೆ ಅದರ ಮೂರನೇ ಎರಡು ಭಾಗ, ಎರಡರಿಂದ ಐದು ವರ್ಷದವರಿಗೆ ಮೂರನೇ ಒಂದು ಭಾಗ, ಎರಡಕ್ಕಿಂತ ಕಡಿಮೆ ಆದರೆ ಏನೂ ಇಲ್ಲ. ಕಂಪನಿಯೇ ತೆಗೆಯುವುದಾದರೆ ತೆಗೆದಿದ್ದೇವೆಂದು ಬರೆದು ಕೊಡಲಿ ಎಂದು ಕೇಳಿ. ಬಾಕಿ ಸಂಬಳ ಬರದಿದ್ದರೆ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಕರಾರು ಪತ್ರ, ಸಂಬಳದ ಬ್ಯಾಂಕ್ ವಿವರ, ಇಮೇಲ್‌ಗಳ ಪ್ರತಿ ಸೇರಿಸಿ ದೂರು ಕೊಡಿ.

ಸೌದಿ ರೀ-ಎಂಟ್ರಿ ಮುಗಿದೇ ಹೋದವರ ಹೆಸರಿನ ಮುಂದೆ "ಖರಜ ವ ಲಂ ಯಉದ್", ಅಂದರೆ ಹೋದವನು ಮರಳಲಿಲ್ಲ ಎಂದು ಬೀಳುತ್ತಿತ್ತು, ಮೂರು ವರ್ಷ ಹೊಸ ಕೆಲಸದ ವೀಸಾ ಸಿಗುತ್ತಿರಲಿಲ್ಲ (ಈ ತಡೆಯನ್ನು 2024ರಲ್ಲಿ ತೆಗೆದರು). ಹಳೆಯ ಕಫೀಲನೇ ಹೊಸ ವೀಸಾ ತೆಗೆದು ಕರೆಸಿಕೊಂಡರೆ ಆ ತಡೆ ಇರಲಿಲ್ಲ. ಹಾಗಾಗಿ ಬೇರೆ ಕಂಪನಿಯ ವೀಸಾಕ್ಕೆ ಏಜೆಂಟನಿಗೆ ಮುಂಗಡ ಕೊಡುವ ಮುಂಚೆ ಹಳೆಯ ಕಂಪನಿಗೊಮ್ಮೆ ಫೋನ್ ಮಾಡಿ ಕೇಳಿ ಎನ್ನುತ್ತಿದ್ದೆ.