ಹಳೇ ಫೈಟರ್ ಜೆಟ್ ಕೊಳ್ಳುವ ರಾಜಕೀಯ: ಮಂಡ್ಯದ ತರಗತಿಯಲ್ಲಿ ಆಡಿಸಿದ ನನ್ನ ಅನುಭವ

ಮಾದರಿ ಸಂಸತ್ತು ಮಾಡಿಸಿದ ಮೇಷ್ಟ್ರುಗಳಿಗೆ ಪಾತ್ರ ಹಂಚುವುದು, ಸಮಯ ನೋಡಿಕೊಳ್ಳುವುದು, ಗಲಾಟೆ ನಿಲ್ಲಿಸುವುದು ಎಲ್ಲ ಗೊತ್ತೇ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ದೇಶ ಇನ್ನೊಂದು ದೇಶದ ಹಳೇ ಯುದ್ಧವಿಮಾನ ಕೊಳ್ಳುವಾಗ ಒಳಗೆ ಏನೇನು ನಡೆಯುತ್ತದೆ ಅನ್ನುವುದನ್ನು ಬಿಎ ಹುಡುಗರಿಗೆ ಆಟವಾಗಿ ಆಡಿಸುತ್ತೇನೆ ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. "ಗ್ರಾಮ ಪಂಚಾಯಿತಿ ಬಜೆಟ್ ಮಾಡಿಸಿ ಮೇಷ್ಟ್ರೇ, ಇವರಿಗೆ ಅದೇ ತಲೆಗೆ ಹತ್ತಲ್ಲ" ಅಂದರು ಒಬ್ಬ ಹಿರಿಯರು. ಈಗ ಅವರೇ ನನ್ನ ಹಾಳೆಗಳ ಜೆರಾಕ್ಸ್ ಕೇಳಿ ಪಡೆದಿದ್ದಾರೆ. ಒಂದೆರಡು ಹಾಳೆ ಬಿಟ್ಟು ಉಳಿದಿದ್ದೆಲ್ಲ ಕೊಟ್ಟಿದ್ದೇನೆ.

ಮೊದಲ ವರ್ಷ ದುಡ್ಡು ಸುರಿದೆ. ಎಫ್-16, ಮಿರಾಜ್, ಗ್ರಿಪೆನ್, ಮಿಗ್-29 ಎಲ್ಲದರ ಬಣ್ಣದ ಚಿತ್ರ ಮೈಸೂರಿನಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿದೆ. ಮೂರೂವರೆ ಸಾವಿರ ದಾಟಿರಬೇಕು, ನನ್ನ ಜೇಬಿನದೇ. ಬಿಲ್ಲು ಕೊಟ್ಟೆ, ಅದು ಇನ್ನೂ ಯಾವುದೋ ಫೈಲಿನಲ್ಲಿದೆ. ಚಿತ್ರ ನೋಡಿದ್ದೇ ತಡ, ಹುಡುಗರು ಯಾವುದು ವೇಗ, ಯಾವುದರ ಕ್ಷಿಪಣಿ ಎಷ್ಟು ದೂರ ಹೋಗುತ್ತದೆ ಅಂತ ಶುರು ಹಚ್ಚಿಕೊಂಡರು. ಅದೆಲ್ಲ ಅವರಿಗೆ ಬಾಯಿಪಾಠ. ಹಣಕಾಸು ಮಂತ್ರಿಯಾಗಿ ಕೂತಿದ್ದ ಹುಡುಗಿಯನ್ನು ಒಬ್ಬರೂ ಏನೂ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ವಿಮಾನ ಕೊಂಡಾಯಿತು, ಚಪ್ಪಾಳೆ ಆಯಿತು, ಬೆಲ್ಲೂ ಆಯಿತು.

ಮುಂದಿನ ಸಲ ಹೊರಗಿನಿಂದ ಒಬ್ಬರನ್ನು ಉಪನ್ಯಾಸಕ್ಕೆ ಕರೆಸಿದೆ. ಗೌರವಧನ, ಕಾರು, ಊಟ ಸೇರಿ ಅದೂ ಸುಮಾರು ಅಷ್ಟೇ ಆಯಿತು. ಎರಡು ಗಂಟೆ ಎಂಜಿನ್ ಬಗ್ಗೆ ಮಾತಾಡಿದರು. ಹುಡುಗರು ಸೆಲ್ಫಿ ತೆಗೆದುಕೊಂಡರು. ಆಮೇಲೆ ನಮ್ಮ ದೇಶದ್ದೇ ವಿಷಯ ಇರಲಿ ಅಂತ ರಫೇಲ್ ವಿವಾದ ಆಡಿಸಲು ಹೋದೆ. ಅದು ಹೊಸ ವಿಮಾನದ ಖರೀದಿ, ನನ್ನ ವಿಷಯಕ್ಕೆ ಸರಿಯಾಗಿ ಕೂರುವುದೂ ಇಲ್ಲ. ಆದರೆ ತೊಂದರೆ ಆಗಿದ್ದು ಅದರಿಂದಲ್ಲ. ಯಾರ ಮನೆಯಲ್ಲಿ ಯಾವ ಪಕ್ಷ ಅನ್ನುವುದರ ಮೇಲೆ ತರಗತಿ ಎರಡು ಹೋಳಾಯಿತು. ಅರ್ಧಕ್ಕೇ ನಿಲ್ಲಿಸಿದೆ.

ಕೈ ಹಿಡಿದದ್ದು ಕೆನಡಾ. ಅಲ್ಲಿಂದ ಆಟವನ್ನು ಹಿಂದುಮುಂದು ಮಾಡಿದೆ: ಲೆಕ್ಕ ಪರಿಶೋಧಕರ ವರದಿ ಮೊದಲು, ಖರೀದಿ ಕೊನೆಗೆ. ವಿಮಾನದ ಚಿತ್ರ ಒಂದೂ ಇಲ್ಲ.

ಕೆನಡಾ ಕತೆ ನಿಮಗೆ ಅಲ್ಪಸ್ವಲ್ಪ ಗೊತ್ತಿರಬಹುದು. 2015ರ ಚುನಾವಣೆಯಲ್ಲಿ ಜಸ್ಟಿನ್ ಟ್ರೂಡೋ ಅಮೆರಿಕದ ಹೊಸ ಯುದ್ಧವಿಮಾನ ಎಫ್-35 ಕೊಳ್ಳುವುದಿಲ್ಲ ಅಂತ ಮಾತು ಕೊಟ್ಟರು. ಗೆದ್ದರು. ಆದರೆ ಅವರ ವಾಯುಪಡೆಯಲ್ಲಿ ಇದ್ದ ಯುದ್ಧವಿಮಾನ, ಅಂದರೆ ಹಾರ್ನೆಟ್‌ಗಳು ಹಳೆಯವು. ಸದ್ಯಕ್ಕೆ ಇರಲಿ ಅಂತ ಅಮೆರಿಕದ ಬೋಯಿಂಗ್‌ನಿಂದ 18 ಹೊಸ ಸೂಪರ್ ಹಾರ್ನೆಟ್ ತರುವ ಯೋಚನೆ ಮಾಡಿದರು. ಅಷ್ಟರಲ್ಲಿ ಕೆನಡಾದ ಬೊಂಬಾರ್ಡಿಯರ್ ಕಂಪನಿಯ ಪ್ರಯಾಣಿಕ ವಿಮಾನದ ಮೇಲೆ ಅದೇ ಬೋಯಿಂಗ್ ಅಮೆರಿಕದಲ್ಲಿ ದೂರು ಹಾಕಿತು. ಸರ್ಕಾರ ಸಿಟ್ಟಾಗಿ ಆ ಖರೀದಿಯನ್ನೇ ಕೈಬಿಟ್ಟು, 2017ರ ಕೊನೆಗೆ ಆಸ್ಟ್ರೇಲಿಯಾ ಬಳಸಿದ 18 ಹಾರ್ನೆಟ್ ತರುತ್ತೇವೆ ಅಂದಿತು. ಬಿಚ್ಚಿ ಬಿಡಿಭಾಗ ತೆಗೆಯಲು ಇನ್ನೂ 7. ಅಂದರೆ ಹಳೆಯದು ಸಾಲದು ಅಂತ ಹಳೆಯದನ್ನೇ, ಅದೂ ಹೆಚ್ಚುಕಡಿಮೆ ಅದೇ ವಯಸ್ಸಿನದನ್ನು ತಂದರು. 2018ರ ನವೆಂಬರ್‌ನಲ್ಲಿ ಅಲ್ಲಿನ ಆಡಿಟರ್ ಜನರಲ್, ಅಂದರೆ ಸರ್ಕಾರದ ಲೆಕ್ಕ ಪರಿಶೋಧಕರು, ಸರಿಯಾಗಿ ಕೊಟ್ಟರು: ಸುಮಾರು 300 ಕೋಟಿ ಕೆನಡಾ ಡಾಲರ್ ಖರ್ಚಿನ ಲೆಕ್ಕ ಹಾಕಿದ್ದೀರಿ, ಆದರೆ ನಿಮಗೆ ಕೊರತೆ ಇರುವುದು ಪೈಲಟ್‌ಗಳದ್ದು, ರಿಪೇರಿ ಮಾಡುವ ತಂತ್ರಜ್ಞರದ್ದು. ಕೊನೆಗೆ 2023ರ ಜನವರಿಯಲ್ಲಿ ಕೆನಡಾ ಘೋಷಿಸಿದ್ದು 88 ಎಫ್-35ಗಳನ್ನೇ.

ಈ ವರದಿಯ ತಿರುಳನ್ನು ಒಂದೇ ಹಾಳೆಯಲ್ಲಿ, ದೇಶದ ಹೆಸರು ಅಳಿಸಿ, ಮೊದಲ ಪಿರಿಯಡ್‌ಗೆ ಕೊಡುತ್ತೇನೆ. ಕೆಲಸ ಇಷ್ಟೇ: ಈ ವರದಿ ಇಟ್ಟುಕೊಂಡು ಯಾರನ್ನು ಏನು ಕೇಳುತ್ತೀರಿ, ಬರೆಯಿರಿ. ವಿಮಾನದ ವೇಗದ ಮಾತು ಬಾಯಿಂದ ಬರುವುದೇ ಇಲ್ಲ. "ಮೆಕ್ಯಾನಿಕ್ ಇಲ್ಲದೆ ಗಾಡಿ ಯಾಕೆ ತಂದ್ರಿ?" ಅಂತ ಕೆ.ಆರ್. ಪೇಟೆ ಕಡೆಯ ಹುಡುಗನೊಬ್ಬ ಬರೆದ. ಆಡಿಟರ್ ಜನರಲ್ ಹೇಳಿದ್ದೂ ಅದನ್ನೇ, ಅಲ್ವಾ?

ಎರಡನೇ ಪಿರಿಯಡ್‌ನಲ್ಲಿ ಪಾತ್ರಗಳು ಬರುತ್ತವೆ. ದೇಶಗಳಿಗೆ ನಮ್ಮ ಜಿಲ್ಲೆಯ ನದಿಗಳ ಹೆಸರಿಟ್ಟಿದ್ದೇನೆ. ಕೊಳ್ಳುವುದು ಹೇಮಾವತಿ, ಮಾರುವುದು ಲೋಕಪಾವನಿ, ಆ ವಿಮಾನವನ್ನು ಮೊದಲು ತಯಾರಿಸಿದ ದೇಶ ಶಿಂಷಾ. ಕಾವೇರಿ ಅಂತ ಮಾತ್ರ ಇಡಬೇಡಿ. ಮಂಡ್ಯದಲ್ಲಿ ಆ ಹೆಸರು ಬಂದರೆ ವಿಮಾನ ಗಿಮಾನ ಯಾರಿಗೂ ಬೇಡ.

ಶಿಂಷಾ ಯಾಕೆ ಬೇಕು ಅಂತ ಮೊದಮೊದಲು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾರುವವನು ಇದ್ದಾನೆ, ಕೊಳ್ಳುವವನು ಇದ್ದಾನೆ, ನಡುವೆ ಇವನು ಯಾರು? ಆಗ ಬೇರೊಂದು ದಿನ ಪ್ರಯೋಗಕ್ಕೆ ಅಂತ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಖರೀದಿ ಆಡಿಸಿದೆ. ಆಟವಾಗಿ ಅದು ನೆಗೆದುಬಿತ್ತು. ಹುಡುಗರಿಗೆ ಆ ವ್ಯವಹಾರ ನನಗಿಂತ ಚೆನ್ನಾಗಿ ಗೊತ್ತು, ಐದೇ ನಿಮಿಷದಲ್ಲಿ ಮುಗಿಸಿದರು. ಆದರೆ ಎಲ್ಲರೂ ಮೊದಲು ಕೇಳಿದ್ದು ಆರ್‌ಸಿ ಪುಸ್ತಕ, ಬ್ಯಾಂಕಿನ ಸಾಲ ತೀರಿದ ಎನ್‌ಒಸಿ. ಅಲ್ಲಿಗೆ ನನ್ನ ಕೆಲಸ ಹಗುರವಾಯಿತು. ಯುದ್ಧವಿಮಾನದ ಆರ್‌ಸಿಯಲ್ಲಿ ತಯಾರಿಸಿದ ದೇಶದ ಹೆಸರು ಕೊನೆತನಕ ಇರುತ್ತದೆ, ಅದರ ಎನ್‌ಒಸಿ ಇಲ್ಲದೆ ಸಾಮಾನ್ಯವಾಗಿ ಕೈ ಬದಲಾಯಿಸುವ ಹಾಗಿಲ್ಲ ಅಂದೆ. ಮತ್ತೆ ವಿವರಿಸುವ ಪ್ರಮೇಯ ಬಂದಿಲ್ಲ.

ಪೋಲೆಂಡ್ ಕತೆಯನ್ನು ಇದರ ಜೊತೆಗೇ ಹೇಳಿಬಿಡುತ್ತೇನೆ. ಪೂರ್ವ ಜರ್ಮನಿಯಿಂದ ಬಂದಿದ್ದ 22 ಮಿಗ್-29ಗಳನ್ನು ಜರ್ಮನಿ ಒಂದೊಂದು ಯೂರೋಗೆ ಪೋಲೆಂಡ್‌ಗೆ ಕೊಟ್ಟಿತ್ತು, 2000ದ ದಶಕದ ಶುರುವಿನಲ್ಲಿ. ಒಂದು ಯೂರೋ ಅಂದಾಗ ತರಗತಿಯಲ್ಲಿ ನಗು. 2023ರಲ್ಲಿ ಪೋಲೆಂಡ್ ಅವುಗಳಲ್ಲಿ ಕೆಲವನ್ನು ಯುಕ್ರೇನ್‌ಗೆ ಕೊಡಲು ಹೊರಟಾಗ ಮತ್ತೆ ಜರ್ಮನಿಯ ಒಪ್ಪಿಗೆ ಕೇಳಬೇಕಾಯಿತು. ಇಲ್ಲಿ ಜರ್ಮನಿ ತಯಾರಿಸಿದ ದೇಶವೂ ಅಲ್ಲ, ಬರೀ ಮಾರಿದ ದೇಶ. ಕರಾರಿನಲ್ಲಿ ಬರೆದಿತ್ತು, ಅಷ್ಟೇ. ಇನ್ನು ಪೆರು 1996ರಲ್ಲಿ ಬೆಲಾರುಸ್‌ನಿಂದ ಬಳಸಿದ ಮಿಗ್-29 ತಂದಾಗ, ನಮ್ಮಿಂದ ಕೊಂಡಿಲ್ಲ ಅಂತ ಮಿಗ್ ತಯಾರಿಸುವ ರಷ್ಯಾ ಬೆಂಬಲ ಕೊಡಲು ಒಪ್ಪಲಿಲ್ಲ. ಆಮೇಲೆ ಪೆರು ರಷ್ಯಾದಿಂದಲೇ ಮೂರು ಹೊಸ ಮಿಗ್ ಕೊಂಡ ಮೇಲೆ ದಾರಿ ಸರಿಹೋಯಿತು.

ಲಕೋಟೆಗಳ ವಿಷಯಕ್ಕೆ ಬರುತ್ತೇನೆ, ಆಟದ ಜೀವ ಇರುವುದು ಅಲ್ಲೇ. ಮಾತುಕತೆ ಒಂದು ಹಂತಕ್ಕೆ ಬಂದಾಗ ಮುಚ್ಚಿದ ಲಕೋಟೆ ಒಡೆಯಬೇಕು. ಒಂದರಲ್ಲಿ "ಚುನಾವಣೆ ಆಯಿತು, ಸರ್ಕಾರ ಬದಲಾಯಿತು" ಅಂತ ಇರುತ್ತದೆ. ಇದು ನ್ಯೂಜಿಲೆಂಡ್. ಪಾಕಿಸ್ತಾನಕ್ಕೆ ಅಂತ ತಯಾರಾಗಿ, ಅಣ್ವಸ್ತ್ರದ ತಕರಾರಿನಿಂದ ಅಮೆರಿಕದಲ್ಲೇ ಉಳಿದಿದ್ದ 28 ಎಫ್-16ಗಳನ್ನು ಬಾಡಿಗೆಗೆ ತರಲು ಅಲ್ಲಿನ ಸರ್ಕಾರ ಒಪ್ಪಿತ್ತು. 1999ರಲ್ಲಿ ಸರ್ಕಾರ ಬದಲಾಯಿತು. ಮರುವರ್ಷ ಹೊಸ ಪ್ರಧಾನಿ ಹೆಲೆನ್ ಕ್ಲಾರ್ಕ್ ಅದನ್ನು ರದ್ದು ಮಾಡಿದರು. 2001ರಲ್ಲಿ ಯುದ್ಧವಿಮಾನಗಳ ದಳವನ್ನೇ ಮುಚ್ಚುವ ತೀರ್ಮಾನವಾಯಿತು. ಇನ್ನೊಂದು ಲಕೋಟೆಯಲ್ಲಿ "ನಿಮಗಿಂತ ದೊಡ್ಡವರು ಬಂದು ಎಲ್ಲ ಕೊಂಡುಬಿಟ್ಟರು" ಅಂತ. ಇದನ್ನು ಹುಡುಗರು ನಂಬುವುದಿಲ್ಲ. 1997ರಲ್ಲಿ ಮಾಲ್ಡೋವಾದ 21 ಮಿಗ್-29ಗಳನ್ನು ಅಮೆರಿಕ ಕೊಂಡಿದ್ದೇ ಇರಾನ್ ಕೈಗೆ ಹೋಗಬಾರದು ಅಂತ.

ಮೂರನೇ ಲಕೋಟೆಯಲ್ಲಿ ಏನಿದೆ, ಅದನ್ನು ಯಾವಾಗ ಕೊಡುತ್ತೇನೆ ಅನ್ನುವುದನ್ನು ಬರೆಯುವುದಿಲ್ಲ. ಶಿಂಷಾ ಪಾತ್ರದವರ ಕಿವಿಯಲ್ಲಿ ಮೊದಲೇ ಹೇಳುವ ಒಂದು ಮಾತನ್ನೂ ಇಲ್ಲ. ಅಂತರ ಕಾಲೇಜು ಸ್ಪರ್ಧೆ ಇನ್ನೂ ಇದೆಯಲ್ಲ.

ದಲ್ಲಾಳಿ ಪಾತ್ರ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂತು. ಹಾಕಿದ ದಿನ ಇಡೀ ತರಗತಿ ಕಮಿಷನ್ ಎಷ್ಟು ಪರ್ಸೆಂಟ್ ಅನ್ನುವುದರಲ್ಲೇ ಮುಳುಗಿತು. ಬಿಡಿಭಾಗ, ಒಪ್ಪಿಗೆ, ಪೈಲಟ್ ಯಾವುದೂ ಯಾರಿಗೂ ಬೇಡವಾಯಿತು. ಶ್ರೀಲಂಕಾ 2006ರಲ್ಲಿ ಯುಕ್ರೇನ್‌ನಿಂದ ತಂದ ನಾಲ್ಕು ಮಿಗ್-27ಗಳ ಹಣ ಯಾರ ಖಾತೆಗೆ ಹೋಯಿತು ಅನ್ನುವ ತಕರಾರು ವರ್ಷಗಟ್ಟಲೆ ನಡೆಯಿತು, ಆ ಮುಖ ಇಲ್ಲ ಅಂತ ಹೇಳುತ್ತಿಲ್ಲ. ಆದರೆ ಖರೀದಿ ಮುರಿದುಬೀಳುವುದು ಯಾವಾಗಲೂ ಲಂಚದಿಂದ ಅಂತ ಹುಡುಗರು ತಿಳಿದುಕೊಂಡರೆ ಪಾಠ ಕೆಟ್ಟಿತು. ಅದಕ್ಕೆ ದಲ್ಲಾಳಿಯನ್ನು ತೆಗೆದು, ಆ ಜಾಗಕ್ಕೆ ನೀರಾವರಿ ಮಂತ್ರಿಯನ್ನು ತಂದೆ. ಅದೇ ದುಡ್ಡು ನಾಲೆಗೆ ಬೇಕು ಅಂತ ಕೇಳುವವರು ಒಬ್ಬರಿದ್ದರೆ ಹಣಕಾಸು ಮಂತ್ರಿಗೆ ತಾನಾಗಿ ಬೆಲೆ ಬರುತ್ತದೆ.

ಈ ಪದ್ಧತಿ ಗೆದ್ದದ್ದು ಮೈಸೂರಿನ ಒಂದು ಕಾಲೇಜಿನ ಸ್ಪರ್ಧೆಯಲ್ಲಿ. ನಮ್ಮ ತಂಡಕ್ಕೆ ಕೊಟ್ಟಿದ್ದು ಹೆಸರು ಅಳಿಸಿದ ಹಾಳೆ: ಹೇಮಾವತಿಗೆ 12 ವಿಮಾನ ಬೇಕು, ಲೋಕಪಾವನಿ ಸುಮಾರು 50 ಕೋಟಿ ಡಾಲರ್‌ಗೆ ಕೊಡುತ್ತದೆ, ತನ್ನದೇ ಎಲೆಕ್ಟ್ರಾನಿಕ್ಸ್ ಸೇರಿಸಿ ಚೆನ್ನಾಗಿ ಮಾಡಿಟ್ಟಿದೆ. ಶಿಂಷಾ ಆಗಿದ್ದ ಮಳವಳ್ಳಿಯ ಹುಡುಗಿ ತಡವೇ ಮಾಡಲಿಲ್ಲ. "ಮಾರ್ಕೊಳ್ಳಿ, ನಂದೇನೂ ಅಡ್ಡಿ ಇಲ್ಲ. ಆದರೆ ಅವರು ಸೇರಿಸಿದ್ದನ್ನೆಲ್ಲ ಕಿತ್ತು, ನಾನು ಕೊಟ್ಟ ಹಾಗೇ ಮಾಡಿ ಮಾರಲಿ" ಅಂದಳು. ಹೇಮಾವತಿಯ ರಕ್ಷಣಾ ಮಂತ್ರಿ ಎದ್ದು ನಿಂತ. "ಚೆನ್ನಾಗಿರೋದನ್ನ ಕಿತ್ತ ಮೇಲೆ ನಾವು ಕೊಳ್ಳೋದು ಏನನ್ನ ಅಕ್ಕಾ?" ಪಾತ್ರ ಮರೆತು ಅಕ್ಕಾ ಅಂದದ್ದಕ್ಕೆ ಸಭೆ ನಕ್ಕಿತು. ಖರೀದಿ ಅಲ್ಲಿಗೇ ಮುರಿಯಿತು.

ಆಮೇಲೆ ಹೆಸರು ಬಿಚ್ಚಿಟ್ಟೆ. ಹೇಮಾವತಿ ಅಂದರೆ ಕ್ರೊಯೇಷಿಯಾ, ಲೋಕಪಾವನಿ ಇಸ್ರೇಲ್, ಶಿಂಷಾ ಅಮೆರಿಕ. 2018ರಲ್ಲಿ ಕ್ರೊಯೇಷಿಯಾ ಇಸ್ರೇಲಿನ 12 ಎಫ್-16 ಆರಿಸಿತ್ತು. ಇಸ್ರೇಲ್ ಸೇರಿಸಿದ್ದನ್ನು ತೆಗೆದೇ ಕೊಡಬೇಕು ಅಂತ ಅಮೆರಿಕ ಪಟ್ಟು ಹಿಡಿಯಿತು. 2019ರ ಜನವರಿಯಲ್ಲಿ ವ್ಯವಹಾರ ಬಿದ್ದುಹೋಯಿತು. 2021ರಲ್ಲಿ ಅದೇ ಕ್ರೊಯೇಷಿಯಾ ಫ್ರಾನ್ಸ್ ಬಳಸಿದ 12 ರಫೇಲ್‌ಗಳಿಗೆ ಹತ್ತಿರ ಹತ್ತಿರ 100 ಕೋಟಿ ಯೂರೋ ಕೊಟ್ಟಿತು. ತೀರ್ಪುಗಾರರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಮೊದಲೇ ಹೇಳಿಕೊಟ್ಟಿದ್ರಾ ಅಂತ ಕೇಳಿದರು. ಇಲ್ಲ ಸಾರ್ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ, ಆದರೂ ಬಹುಮಾನ ಬಂತು.

ನಮ್ಮ ದೇಶದ ಮಾತು ಬಂದೇ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ ಯುದ್ಧವಿಮಾನಗಳ 42 ದಳ (ಸ್ಕ್ವಾಡ್ರನ್) ಇರಬೇಕಾದ ಕಡೆ 29ಕ್ಕೆ ಬಂದಿದ್ದೇವೆ, ನಾವೂ ಹಳೆಯದು ಕೊಳ್ಳಬಹುದಲ್ಲ ಸಾರ್ ಅಂತ ಕೇಳುತ್ತಾರೆ. ಕೊಳ್ಳುತ್ತೇವೆ, ಸದ್ದಿಲ್ಲದೆ. 2021ರಲ್ಲಿ ಫ್ರಾನ್ಸ್‌ನಿಂದ 24 ಹಳೇ ಮಿರಾಜ್-2000 ಕೊಂಡ ಸುದ್ದಿ ಬಂತು. 2.7 ಕೋಟಿ ಯೂರೋ, ಅಂದರೆ ಒಂದಕ್ಕೆ ಹತ್ತು ಕೋಟಿ ರೂಪಾಯಿಯೂ ಬೀಳಲಿಲ್ಲ. ಮುಖ್ಯವಾಗಿ ನಮ್ಮ ಮಿರಾಜ್‌ಗಳಿಗೆ ಬಿಡಿಭಾಗ ಬೇಕಿತ್ತು. ಜಾಗ್ವಾರ್‌ಗೂ ಇದೇ ದಾರಿ. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಎಷ್ಟೋ ಜಾಗ್ವಾರ್ ತಯಾರಾಗಿವೆ, ಆದರೆ ಈಗ ಅದನ್ನು ಹಾರಿಸುತ್ತಿರುವುದು ನಾವೊಬ್ಬರೇ. ಫ್ರಾನ್ಸ್ ತನ್ನ 31 ಹಳೇ ಜಾಗ್ವಾರ್‌ಗಳನ್ನು ಪುಕ್ಕಟೆ ಕೊಟ್ಟಿತು, ಸಾಗಣೆ ಖರ್ಚು ನಮ್ಮದು. ನನ್ನ ಮಟ್ಟಿಗೆ ಹಳೇ ವಿಮಾನ ಕೊಳ್ಳುವುದರಲ್ಲಿ ಜಾಣತನ ಇರುವುದು ಇಲ್ಲಿ: ಬಿಚ್ಚಲಿಕ್ಕೆ ಕೊಳ್ಳುವುದು. ಮಂತ್ರಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಹಾಗಿಲ್ಲ, ವಿರೋಧ ಪಕ್ಷ ಕೂಗುವುದಕ್ಕೂ ಏನಿಲ್ಲ. ಆಟಕ್ಕೆ ಮಾತ್ರ ಇದು ಉಪಯೋಗವಿಲ್ಲ. ಒಂದು ಸಲ ಆಡಿಸಿದೆ, ಎಲ್ಲರೂ ಸಲೀಸಾಗಿ ಒಪ್ಪಿಬಿಟ್ಟರು, ತಂಡದ ಅರ್ಧ ಜನಕ್ಕೆ ಮಾತಾಡಲು ಅವಕಾಶವೇ ಬರಲಿಲ್ಲ.

ಈಗ ಒಂದು ತರಗತಿಗೆ ಖರ್ಚು ಇನ್ನೂರು ಮುನ್ನೂರು ರೂಪಾಯಿ. ಜೆರಾಕ್ಸ್, ಲಕೋಟೆ, ಗೆದ್ದವರಿಗೆ ಮದ್ದೂರು ವಡೆ. ಸೋತವರೂ ತಿನ್ನುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿದೇ ಹೇಳಿದ್ದೇನೆ.

ಮುಂದಿನ ಸೆಮಿಸ್ಟರ್‌ಗೆ ವಿಮಾನ ಬಿಟ್ಟು ಹಡಗಿಗೆ ಕೈ ಹಾಕಿದ್ದೇನೆ. ರಷ್ಯಾದ ಹಳೇ ವಿಮಾನವಾಹಕ ಹಡಗು ಅಡ್ಮಿರಲ್ ಗೋರ್ಷ್ಕೋವ್, ಅಂದರೆ ಈಗಿನ ನಮ್ಮ ಐಎನ್‌ಎಸ್ ವಿಕ್ರಮಾದಿತ್ಯ. ಹಡಗು ಪುಕ್ಕಟೆ, ರಿಪೇರಿಗೆ 97 ಕೋಟಿ ಡಾಲರ್ ಅಂತ 2004ರಲ್ಲಿ ಸಹಿ ಆಯಿತು. 2013ರಲ್ಲಿ ಹಡಗು ನಮ್ಮ ಕೈಗೆ ಬರುವಷ್ಟರಲ್ಲಿ ಅದು 230 ಕೋಟಿ ದಾಟಿತ್ತು. ಕತೆ ಚೆನ್ನಾಗಿದೆ, ಹಾಳೆಗಳೂ ಅರ್ಧ ತಯಾರಾಗಿವೆ. ಒಂಬತ್ತು ವರ್ಷದ ಚೌಕಾಸಿಯನ್ನು ಎರಡು ಪಿರಿಯಡ್‌ಗೆ ಹಿಡಿಸುವುದು ಹೇಗೆ ಅನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ. ಇಂಥ ಉದ್ದದ ಆಟ ಯಾರಾದರೂ ಆಡಿಸಿದ್ದರೆ ತಿಳಿಸಿ.