ಐಡಿ ಬ್ಲಾಕ್ ಆದರೆ ಸಂಘ ಮೊದಲು ಏನು ಮಾಡಬೇಕು?

ಬೆಳಿಗ್ಗೆ ಎದ್ದು ಆ್ಯಪ್ ತೆರೆದರೆ ಲಾಗಿನ್ ಆಗುವುದಿಲ್ಲ. ಖಾತೆ ತಡೆಹಿಡಿಯಲಾಗಿದೆ ಎಂಬ ಒಂದೇ ಸಾಲು. ಡೆಲಿವರಿ ಹುಡುಗರು ಇದನ್ನು ‘ಐಡಿ ಬ್ಲಾಕ್’ ಅನ್ನುತ್ತಾರೆ. ಬೆಂಗಳೂರಿನ ಒಂದು ಸಣ್ಣ ಸಂಘದಲ್ಲಿ ಭಾನುವಾರಗಳಂದು ಇಂಥ ದೂರು ಬರೆದುಕೊಳ್ಳಲು ಕೂರುವವನು ನಾನು. ಬ್ಲಾಕ್ ಆದವರಿಗಿಂತ ಜಾಸ್ತಿ ಎಡವುವವರು ಸಹಾಯಕ್ಕೆ ಹೋಗುವ ಸಂಘದವರು. ಇಪ್ಪತ್ತು ಬೈಕು ಕಂಪನಿಯ ಸ್ಥಳೀಯ ಕೇಂದ್ರವಾದ ಹಬ್ ಮುಂದೆ ನಿಲ್ಲುತ್ತವೆ, ಘೋಷಣೆ ಆಗುತ್ತದೆ, ಟಿಎಲ್, ಅಂದರೆ ಅಲ್ಲಿನ ಟೀಮ್ ಲೀಡರ್, ಹಿಂದಿನ ಬಾಗಿಲಿನಿಂದ ಹೋಗುತ್ತಾನೆ. ಸೋಮವಾರ ನೋಡಿದರೆ ಹಳೆಯ ಐಡಿ ತೆರೆದಿಲ್ಲ, ಇನ್ನೂ ನಾಲ್ಕು ಐಡಿ ಹೋಗಿವೆ.

ಹಾಗಾಗಿ ಬೈಕು ಆಮೇಲೆ, ಮೊದಲು ಕಾಗದ.

ಬಂದವರಿಗೆ ಟೀ ಕೊಡಿ, ಸದಸ್ಯತ್ವದ ಅರ್ಜಿ ತುಂಬಿಸಿ. ತನ್ನ ಪರವಾಗಿ ಸಂಘ ಮಾತಾಡಬಹುದು ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ. ಇದು ಐದು ನಿಮಿಷದ ಕೆಲಸ.

ಕಷ್ಟ ಇರುವುದು ಸಾಕ್ಷಿ ಕೂಡಿಸುವುದರಲ್ಲಿ. ಇಲ್ಲಿ ಒಂದು ಗಂಟೆ ಹೋದರೂ ಹೋಗಲಿ. ಆ್ಯಪ್ ಕಂಪನಿಯದು, ಅದರೊಳಗಿನ ದಾಖಲೆಯೂ ಅವರ ಕೈಯಲ್ಲಿದೆ. ಬೀಗ ಹಾಕಿದರೆ ದುಡಿದ ಲೆಕ್ಕವೂ ಒಳಗೇ ಉಳಿಯುತ್ತದೆ. ಸಿಟ್ಟಿನಲ್ಲಿ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಬಂದವರೊಬ್ಬರಿದ್ದರು. ಎರಡು ವರ್ಷ ದುಡಿದಿದ್ದಕ್ಕೆ ಅವರ ಹತ್ತಿರ ಉಳಿದಿದ್ದು ಒಂದು ಟೀ ಶರ್ಟು ಮಾತ್ರ. ಫೋನಿನಲ್ಲೇ ಮೊದಲು ಹೇಳಿಬಿಡಿ: ಏನನ್ನೂ ಅಳಿಸಬೇಡಿ ಅಂತ.

ಬ್ಲಾಕ್ ಆದ ಸಂದೇಶದ ಸ್ಕ್ರೀನ್‌ಶಾಟ್ ಎಲ್ಲರೂ ತರುತ್ತಾರೆ. ಅದರಲ್ಲಿ ಗಂಟೆ ಕಾಣುತ್ತದೆ, ತಾರೀಖು ಕಾಣುವುದಿಲ್ಲ. ಅದಕ್ಕೇ ಸ್ಕ್ರೀನ್ ರೆಕಾರ್ಡ್ ಮಾಡಿಸಿ. ಮೊದಲು ಫೋನಿನ ಕ್ಯಾಲೆಂಡರ್ ತೆರೆದು ತೋರಿಸಿ, ಹಾಗೇ ಆ್ಯಪ್‌ಗೆ ಹೋಗಿ ಲಾಗಿನ್ ಮಾಡಲು ನೋಡಲಿ. ಕೆಲವು ಆ್ಯಪ್‌ಗಳಲ್ಲಿ ಬ್ಲಾಕ್ ಆದ ಮೇಲೂ ಗಳಿಕೆಯ ಪುಟ ತೆರೆಯುತ್ತದೆ. ಅದು ಮುಚ್ಚುವ ಮುಂಚೆ ವಾರವಾರದ ಪೇಔಟ್, ಕಡಿತ, ಇನ್ಸೆಂಟಿವ್, ರೇಟಿಂಗ್ ಅಷ್ಟನ್ನೂ ತೆಗೆದಿಟ್ಟುಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟ್ ಕಡ್ಡಾಯ. ಕಂಪನಿಯಿಂದ ದುಡ್ಡು ಜಮೆಯಾದ ಸಾಲನ್ನು ಯಾವ ಕಂಪನಿಯೂ ಅಳಿಸಲಾರದು.

ಆಮೇಲೆ ಇಮೇಲ್. ‘ನನಗೆ ಯಾವ ಮೇಲೂ ಬಂದಿಲ್ಲ ಸರ್’ ಅನ್ನುತ್ತಾರೆ. ನಂಬಬೇಡಿ. ಸೇರುವಾಗ ಏಜೆಂಟೋ ಸೈಬರ್ ಸೆಂಟರಿನವನೋ ಒಂದು ಇಮೇಲ್ ಮಾಡಿಕೊಟ್ಟಿರುತ್ತಾನೆ, ಅದರ ಪಾಸ್‌ವರ್ಡ್ ಇವರಿಗೆ ಗೊತ್ತಿರುವುದಿಲ್ಲ. ಎಚ್ಚರಿಕೆ ಪತ್ರ ಅಲ್ಲಿ ಬಂದು ಬಿದ್ದಿರಬಹುದು. ಹುಡುಕಿಸಿ. ಸಹಾಯವಾಣಿಯ ಬಾಟ್ (ತಾನೇ ಉತ್ತರಿಸುವ ಯಂತ್ರ) ಜತೆ ಮಾತಾಡಿದ್ದರೆ ಟಿಕೆಟ್ ನಂಬರನ್ನು ಕೈಯಲ್ಲೇ ಬರೆದುಕೊಳ್ಳಿ, ಚಾಟ್ ಪೆಟ್ಟಿಗೆ ಮುಚ್ಚಿದರೆ ಅದೂ ಹೋಗುತ್ತದೆ.

ಇಷ್ಟನ್ನೂ ಸಂಘದ ಇಮೇಲ್‌ಗೆ ಕಳಿಸಿ. ವಾಟ್ಸ್‌ಆ್ಯಪ್ ಗುಂಪಿಗೆ ಬೇಡ. ಅಲ್ಲಿ ಚಿತ್ರ ಮಸುಕಾಗುತ್ತದೆ, ಗುಡ್ ಮಾರ್ನಿಂಗ್ ಸಂದೇಶಗಳ ಅಡಿಯಲ್ಲಿ ಹೂತೂ ಹೋಗುತ್ತದೆ. ಗ್ರಾಹಕರ ಹೆಸರು, ವಿಳಾಸ, ನಂಬರ್ ಇದ್ದರೆ ಮರೆಮಾಡಿ. ಇಲ್ಲದಿದ್ದರೆ ಕಂಪನಿ ಅದನ್ನೇ ಹಿಡಿದು ನಮ್ಮ ಮೇಲೆ ಬರುತ್ತದೆ.

ಈಗ ಒಂದು ಹಾಳೆಯಲ್ಲಿ ತಾರೀಖು ಪಟ್ಟಿ. ‘ಹೋದ ವಾರ ಯಾವಾಗಲೋ’ ಎಂಬುದನ್ನು ಬರೆದುಕೊಳ್ಳಬೇಡಿ. ಫೋನಿನಲ್ಲಿ ಯುಪಿಐ ಪಾವತಿಗಳನ್ನು ತೆಗೆಸಿ. ಪೆಟ್ರೋಲ್ ಹಾಕಿಸಿದ ದಿನ, ಊಟ ಮಾಡಿದ ದಿನ ಸಿಕ್ಕಿದರೆ ಜಗಳದ ದಿನವೂ ನೆನಪಾಗುತ್ತದೆ. ನಾನಂತೂ ಇದನ್ನು ನೋಟ್‌ಬುಕ್ಕಿನಲ್ಲೇ ಬರೆಯುತ್ತೇನೆ. ಎಕ್ಸೆಲ್ ತೆರೆದರೆ ಹುಡುಗರು ಮಾತು ನಿಲ್ಲಿಸಿಬಿಡುತ್ತಾರೆ.

ಕೊನೆಗೆ ಬೇರೆಯವರನ್ನು ಹೊರಗೆ ಕಳಿಸಿ ಮೂರು ಪ್ರಶ್ನೆ ಕೇಳಿ. ನಿನ್ನ ಐಡಿಯಲ್ಲಿ ಬೇರೆಯವರು ಓಡಿಸಿದ್ರಾ? ಯಾರಿಗಾದರೂ ಕೈ ಮಾಡಿದ್ಯಾ? ನಕಲಿ ಲೊಕೇಶನ್ ತೋರಿಸುವ ಆ್ಯಪ್ ಹಾಕಿದ್ಯಾ? ಆ ಆ್ಯಪ್‌ಗಳು ಶುದ್ಧ ಮೋಸ, ನಾಲ್ಕು ಆರ್ಡರ್ ಆಸೆಗೆ ಇಡೀ ಐಡಿ ಕಳೆಯುತ್ತವೆ. ‘ಐಡಿ ಓಪನ್ ಮಾಡಿಸಿಕೊಡ್ತೀವಿ’ ಎಂದು ದುಡ್ಡು ಕೇಳುವ ಟೆಲಿಗ್ರಾಂ ಏಜೆಂಟರೂ ಅದೇ ಜಾತಿಯವರು. ಸತ್ಯ ಈಗಲೇ ತಿಳಿದರೆ ಅದಕ್ಕೆ ತಕ್ಕ ಪತ್ರ ಬರೆಯಬಹುದು. ಮಾತುಕತೆಯ ಮೇಜಿನಲ್ಲಿ ಕಂಪನಿಯ ಬಾಯಿಂದ ತಿಳಿದರೆ ಸಂಘದ ಮಾನ ಹೋಗುತ್ತದೆ.

ಪತ್ರ ಒಂದೇ ಪುಟ ಇರಲಿ. ಕಾರ್ಲ್ ಮಾರ್ಕ್ಸ್ ಬೇಡ. ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಕರ್ನಾಟಕ 2025ರ ಮೇಯಲ್ಲಿ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಅದು ಕಾಯ್ದೆಯಾಯಿತು. ಅದರ ಪ್ರಕಾರ ಕೆಲಸದಿಂದ ತೆಗೆಯಲು ಲಿಖಿತ ಕಾರಣ ಬೇಕು, 14 ದಿನದ ಮುನ್ಸೂಚನೆ ಬೇಕು. ದೈಹಿಕ ಹಾನಿಯಂಥ ಪ್ರಕರಣಕ್ಕೆ ವಿನಾಯಿತಿ ಇದೆ. ಕೈ ಮಾಡಿದ್ಯಾ ಅಂತ ಮೊದಲೇ ಕೇಳಿಸಿದ್ದು ಅದಕ್ಕೇ.

ಕಂಪನಿಗಳ ಜಾಣತನ ಪದದಲ್ಲಿದೆ. ‘ತೆಗೆದಿಲ್ಲ, ತಾತ್ಕಾಲಿಕವಾಗಿ ತಡೆದಿದ್ದೇವೆ’ ಅನ್ನುತ್ತಾರೆ. ಆ ತಾತ್ಕಾಲಿಕ ಮೂರು ತಿಂಗಳಾಗುತ್ತದೆ. ಆದ್ದರಿಂದ ಪತ್ರದಲ್ಲಿ ನೇರವಾಗಿ ಕೇಳಿ: ಇದು ತಡೆಯೋ ವಜಾವೋ? ತಡೆಯಾದರೆ ಯಾವ ತಾರೀಖಿನವರೆಗೆ? ಕಾರಣ ಏನು? ತೀರ್ಮಾನ ಮಾಡಿದ್ದು ಮನುಷ್ಯನೋ ಯಂತ್ರವೋ?

ಕೊನೆಯ ಪ್ರಶ್ನೆ ತಮಾಷೆಯದಲ್ಲ. ಬ್ರಿಟನ್ನಿನ ಆ್ಯಪ್ ಚಾಲಕರ ಸಂಘ ಊಬರ್ ಮತ್ತು ನಮ್ಮ ಬೆಂಗಳೂರಿನ ಓಲಾ ವಿರುದ್ಧ ನೆದರ್ಲೆಂಡ್ಸ್‌ನಲ್ಲಿ ಇದನ್ನೇ ಕೇಳಿತ್ತು. 2023ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಂ ಮೇಲ್ಮನವಿ ನ್ಯಾಯಾಲಯ ಬಹುಮಟ್ಟಿಗೆ ಚಾಲಕರ ಪರ ತೀರ್ಪು ಕೊಟ್ಟಿತು. ಊಬರ್‌ನ ವಜಾ ತೀರ್ಮಾನಗಳಲ್ಲಿ ಮನುಷ್ಯರ ಪಾತ್ರ ಹೆಸರಿಗಷ್ಟೇ ಇತ್ತು ಎಂದಿತು. ಅಲ್ಲಿನ ತೀರ್ಪು ಇಲ್ಲಿ ನಡೆಯುವುದಿಲ್ಲ. ಆದರೆ ಕೆಲಸ ಹಂಚುವ, ರೇಟಿಂಗ್ ಕೊಡುವ ಯಂತ್ರದ ಬಗ್ಗೆ ಮಾಹಿತಿ ಕೇಳುವ ಹಕ್ಕನ್ನು ನಮ್ಮ ಕಾಯ್ದೆಯೂ ಕೊಟ್ಟಿದೆ. ಯಾರೂ ಕೇಳುವುದಿಲ್ಲ ಅಷ್ಟೇ.

ಪತ್ರ ಇಮೇಲ್‌ನಲ್ಲೂ ಹೋಗಲಿ, ಸ್ಪೀಡ್ ಪೋಸ್ಟ್‌ನಲ್ಲೂ ಹೋಗಲಿ. ಟಿಎಲ್ ಕೈಗೆ ಕೊಟ್ಟು ಬರಬೇಡಿ. ಅವನೂ ಗುತ್ತಿಗೆಯ ನೌಕರ, ಪಾಪ.

ಉತ್ತರಕ್ಕೆ ಕಾಯುವಾಗ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವಿ. ಒಬ್ಬೊಬ್ಬರ ದೂರಿನಲ್ಲಿ ಕಾಣದ್ದು ಹತ್ತು ದೂರಿನಲ್ಲಿ ಕಾಣುತ್ತದೆ. ಒಂದೇ ಡಾರ್ಕ್ ಸ್ಟೋರಿನ (ಡೆಲಿವರಿಗೆಂದೇ ಇರುವ ಗೋದಾಮಿನ) ಆರು ಜನ ಒಂದೇ ವಾರ ಬ್ಲಾಕ್ ಆಗಿದ್ದರೆ ಅದು ಆರು ಜನರ ತಪ್ಪಲ್ಲ, ಅಲ್ವಾ? ಮಳೆಯ ದಿನ ಆರ್ಡರ್ ಬಿಟ್ಟವರೇ ಹೋಗಿದ್ದಾರಾ? ಪೇಔಟ್ ಇಳಿದಾಗ ಲಾಗೌಟ್ ಆದವರಾ? ಹಾಗಿದ್ದರೆ ಆರು ತಾರೀಖು ಪಟ್ಟಿ ಸೇರಿಸಿ ಒಂದೇ ದೂರು ಮಾಡಿ. ಒಬ್ಬನ ಟಿಕೆಟ್‌ಗೆ ಬಾಟ್ ಉತ್ತರ ಕೊಡುತ್ತದೆ. ಆರು ಜನರ ಪಟ್ಟಿಗೆ ಯಾರಾದರೂ ಮನುಷ್ಯರು ಕೂರಲೇಬೇಕಾಗುತ್ತದೆ. ಒಂಟಿ ರೈಡರ್ ಮಾಡಲಾಗದ ಕೆಲಸ ಇದೊಂದೇ, ಸಂಘ ಬೇಕಾಗಿರುವುದೂ ಇದಕ್ಕೇ.

ಕಂಪನಿಯೊಳಗಿನ ದೂರು ಸಮಿತಿಯಿಂದ ಕೆಲಸ ಆಗದಿದ್ದರೆ ಅದೇ ಕಡತ ಹಿಡಿದು ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನಕ್ಕೆ ಹೋಗಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬೈಕು ನಿಲ್ಲಿಸುವುದಿದ್ದರೆ ಈ ಮುದ್ರೆ ಬಿದ್ದ ಮೇಲೆ ನಿಲ್ಲಿಸಿ. ಪೊಲೀಸರು ಕೇಳಿದಾಗ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ಐಡಿ ವಾಪಸ್ ಬಂದರೆ ಹುಡುಗ ಆ ಕ್ಷಣವೇ ಆರ್ಡರ್ ಹಿಡಿಯಲು ಓಡುತ್ತಾನೆ. ಹತ್ತು ನಿಮಿಷ ತಡೆಯಿರಿ. ಹಳೆಯ ರೇಟಿಂಗ್ ಉಳಿದಿದೆಯಾ, ಬಾಕಿ ಪೇಔಟ್ ಕಾಣುತ್ತಿದೆಯಾ ನೋಡಿ. ಪಾಸ್‌ವರ್ಡ್ ತನಗೇ ಗೊತ್ತಿರುವ ಒಂದು ಇಮೇಲ್ ಮಾಡಿಸಿ, ಆ್ಯಪ್‌ನಲ್ಲಿ ಹಳೆಯದನ್ನು ಬದಲಿಸಿ. ಅಷ್ಟಾದ ಮೇಲೆ ಹೋಗಲಿ.