ಗ್ರಾಫ್ ಏರಿದರೆ ಮೊದಲು ಎಣಿಕೆಯನ್ನೇ ಅನುಮಾನಿಸಿ

ಭಯೋತ್ಪಾದನೆ ಹೆಚ್ಚಿತೋ ತಗ್ಗಿತೋ ಎಂದು ನೋಡಲು ನಾನು ಬಳಸುವುದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೋಬಲ್ ಟೆರರಿಸಂ ಡೇಟಾಬೇಸ್. 1970ರಿಂದ ಶುರುವಾಗುವ ಈ ಕಡತದಲ್ಲಿ ದಾಳಿಗೊಂದು ಸಾಲು. ತೆರೆದ ಕೂಡಲೇ ಗ್ರಾಫ್ ಎಳೆದರೆ ಕೆಟ್ಟಿರಿ. 1993ರ ದಾಖಲೆಗಳು ಕಚೇರಿ ಸ್ಥಳಾಂತರದಲ್ಲಿ ಕಳೆದುಹೋದವು. ಆ ವರ್ಷ ಗೆರೆ ನೆಲಕ್ಕಿಳಿಯುವುದು ಅದಕ್ಕೆ. ಮಾಹಿತಿ ಸಂಗ್ರಹಿಸುವವರೂ ವಿಧಾನವೂ 1998, 2008 ಮತ್ತು 2011ರ ಕೊನೆಗೆ ಬದಲಾದವು. 2012ರ ನೆಗೆತದಲ್ಲಿ ಒಂದು ಪಾಲು ಹೆಚ್ಚು ಸುದ್ದಿ ಜಾಲಾಡಿದ್ದರಿಂದ ಬಂದದ್ದು. ಈ ವರ್ಷಗಳ ಆಚೀಚೆಯ ಅಂಕಿಗಳನ್ನು ನಾನು ನೇರವಾಗಿ ಹೋಲಿಸುವುದಿಲ್ಲ.

ಸಾವಿನ ಕಾಲಂನಲ್ಲಿ ಖಾಲಿ ಮನೆಯೆಂದರೆ ಸೊನ್ನೆಯಲ್ಲ, ಮಾಹಿತಿ ಸಿಕ್ಕಿಲ್ಲವೆಂದು. ಸತ್ತ ದಾಳಿಕೋರರೂ ಅದರಲ್ಲೇ ಸೇರಿರುತ್ತಾರೆ. ಅವರ ಲೆಕ್ಕ ಬೇರೆ ಕಾಲಂನಲ್ಲಿದೆ, ಕಳೆಯಬೇಕು. ‘ಇದು ನಿಜಕ್ಕೂ ಭಯೋತ್ಪಾದನೆಯೇ’ ಎಂಬ ಅನುಮಾನದ ಕಾಲಂನಲ್ಲಿ ಹಳೆಯ ಸಾಲುಗಳಿಗೆ -9 ಎಂದಿರುತ್ತದೆ, ಅಂದರೆ ಆಗ ಅದನ್ನು ದಾಖಲಿಸಿರಲಿಲ್ಲವೆಂದು. ಗಮನಿಸದೆ ಸರಾಸರಿ ತೆಗೆದವರ ಉತ್ತರ ಸೊನ್ನೆಗಿಂತ ಕೆಳಗೆ ಬಂದು ನಗೆಪಾಟಲಾಗುತ್ತದೆ. 2001ರ ಸೆಪ್ಟೆಂಬರ್ 11 ಇಲ್ಲಿ ನಾಲ್ಕು ಸಾಲು. ಎರಡು ಗೋಪುರಗಳ ಸಾವನ್ನು ಸರಿಸುಮಾರು ಸಮನಾಗಿ ಹಂಚಿದ್ದಾರೆ. ಅರ್ಧಕ್ಕೂ ಹೆಚ್ಚು ದಾಳಿಗಳಲ್ಲಿ ಯಾರೂ ಸಾಯುವುದಿಲ್ಲ. ಹಾಗಾಗಿ ‘ದಾಳಿಗೆ ಸರಾಸರಿ ಸಾವು’ ಎಂಬ ಅಂಕಿ ಬಹುತೇಕ ನಿರುಪಯೋಗಿ.

ಇಷ್ಟು ಸೋಸಿದ ಮೇಲೂ 2014ರ ಶಿಖರ ಉಳಿಯುತ್ತದೆ: ನಲವತ್ತು ಸಾವಿರಕ್ಕೂ ಮೀರಿದ ಸಾವು, ಬಹುಪಾಲು ಇರಾಕ್, ನೈಜೀರಿಯಾ, ಅಫ್ಘಾನಿಸ್ತಾನದಂಥ ಕೆಲವೇ ದೇಶಗಳಲ್ಲಿ. ಆಮೇಲೆ ಕೆಲ ವರ್ಷ ಇಳಿಕೆ. ಇಲ್ಲಿ ಜಾಗತಿಕ ಗೆರೆಗಿಂತ ದೇಶವಾರು ಗೆರೆ ಹೆಚ್ಚು ಹೇಳುತ್ತದೆ.

ತಗ್ಗಿಸುವ ದಾರಿಗೆ ಬಂದರೆ, ಎಲ್ಲರೂ ಉಲ್ಲೇಖಿಸುವುದು ಅಮೆರಿಕದ ಸಂಶೋಧನಾ ಕೇಂದ್ರವಾದ ರ‍್ಯಾಂಡ್ ಸಂಸ್ಥೆಯ 2008ರ ಅಧ್ಯಯನ. 43% ಗುಂಪುಗಳು ರಾಜಕೀಯ ಪ್ರಕ್ರಿಯೆಗೆ ಬಂದು ಕೊನೆಗೊಂಡವು, 40% ಪೊಲೀಸ್ ಮತ್ತು ಗುಪ್ತಚರ ಕೆಲಸದಿಂದ, 10% ಗೆದ್ದು, 7% ಸೇನಾಬಲದಿಂದ. ಛೇದ ಯಾವುದೆಂದು ಮಾತ್ರ ಯಾರೂ ಕೇಳುವುದಿಲ್ಲ! ಪರಿಶೀಲಿಸಿದ್ದು 648 ಗುಂಪು. ಶೇಕಡಾವಾರು ಲೆಕ್ಕ, ಒಡೆದು ಹೋಳಾದವನ್ನೂ ಇನ್ನೂ ಸಕ್ರಿಯವಾಗಿದ್ದವನ್ನೂ ಬಿಟ್ಟು ಉಳಿದ 268ರದ್ದು.

ಪೊಲೀಸ್ ಕೆಲಸವೆಂದರೆ ಗುಂಡಿನ ಚಕಮಕಿಯಲ್ಲ. 1992ರಲ್ಲಿ ಪೆರುವಿನ ಲಿಮಾದಲ್ಲಿ ಮಾವೋವಾದಿ ಬಂಡುಕೋರ ಗುಂಪು ‘ಶೈನಿಂಗ್ ಪಾತ್’ನ ನಾಯಕ ಅಬಿಮೇಲ್ ಗುಸ್ಮಾನ್ ಸಿಕ್ಕಿದ್ದು ಕಸದಿಂದ. ಅವನು ಅಡಗಿದ್ದ, ನೃತ್ಯಶಾಲೆಯಿದ್ದ ಮನೆಯ ಕಸದಲ್ಲಿ ಪೊಲೀಸರಿಗೆ ಸಿಕ್ಕವು ಅವನಿಗಿದ್ದ ಚರ್ಮರೋಗ ಸೋರಿಯಾಸಿಸ್‌ನ ಮುಲಾಮಿನ ಟ್ಯೂಬು, ಅವನ ಬ್ರ್ಯಾಂಡಿನ ಸಿಗರೇಟಿನ ತುಂಡುಗಳು. ಒಬ್ಬನ ಸುತ್ತಲೇ ಹೆಣೆದ ಸಂಘಟನೆಯಾದ್ದರಿಂದ ಆ ಬಂಧನ ಅದರ ಬೆನ್ನು ಮುರಿಯಿತು. ಬಿಡಿಬಿಡಿ ಘಟಕಗಳ ಗುಂಪಿನಲ್ಲಿ ಹಾಗಾಗದು.

ಕಾವಲು ಬಿಗಿಮಾಡುವುದಕ್ಕೂ ಇನ್ನೊಂದು ಮುಖವಿದೆ. ಅಮೆರಿಕದಲ್ಲಿ 1973ರಿಂದ ಎಲ್ಲ ವಿಮಾನ ಪ್ರಯಾಣಿಕರ ತಪಾಸಣೆ ಕಡ್ಡಾಯವಾದಾಗ ಅಪಹರಣಗಳು ಕುಸಿದವು, ಆದರೆ ಬೇರೆ ಬಗೆಯ ಒತ್ತೆಸೆರೆಗಳು ಹೆಚ್ಚಿದವು. ಆದ್ದರಿಂದ ಒಂದೇ ಬಗೆಯ ದಾಳಿ ಎಣಿಸದೆ ಎಲ್ಲ ಬಗೆಗಳ ಮೊತ್ತವನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ. ಮತ್ತೊಂದು ತೊಡಕು: ಹೊಸ ಕಾನೂನು ಬರುವುದು ದಾಳಿಗಳು ತಾರಕಕ್ಕೇರಿದ ಮೇಲೆ. ಅಲ್ಲಿಂದ ಗೆರೆ ತಾನಾಗಿಯೇ ಇಳಿಯಬಹುದು, ಕೀರ್ತಿ ಕಾನೂನಿಗೆ. ಕನಿಷ್ಠ 24 ತಿಂಗಳು ಹಿಂದೆ, ಅಷ್ಟೇ ಮುಂದೆ ನೋಡದೆ ನಾನು ಯಾವ ಕ್ರಮಕ್ಕೂ ಅಂಕ ಕೊಡುವುದಿಲ್ಲ.